ಡ್ರಾಯಿಂಗ್ ಟ್ಯಾಬ್ಲೆಟ್‌ನಲ್ಲಿ ವೃತ್ತ ಯಾಕೆ ಮೊಟ್ಟೆಯಾಗುತ್ತದೆ?

ಪ್ರಶ್ನೆ: ನನಗೆ 41 ವರ್ಷ. ಸಾಗರದ ಹತ್ತಿರದ ಊರೊಂದರ ಸಹಕಾರ ಸಂಘದಲ್ಲಿ ಕೆಲಸ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು ಮಾಡಿದ್ದೆ. ಈಗಲೂ ಹಬ್ಬ ಬಂದರೆ ಅಂಗಳ ತುಂಬ ಚುಕ್ಕಿ ರಂಗೋಲಿ ಹಾಕುತ್ತೇನೆ. ಹೋದ ತಿಂಗಳು ತಮ್ಮ ತಾನು ಬಳಸದೆ ಇಟ್ಟಿದ್ದ ಡ್ರಾಯಿಂಗ್ ಟ್ಯಾಬ್ಲೆಟ್ ಕೊಟ್ಟ. ಲ್ಯಾಪ್‌ಟಾಪ್‌ಗೆ ಜೋಡಿಸಿ ಹಲಗೆಯ ಮೇಲೆ ಪೆನ್ನಿನಲ್ಲಿ ಬರೆಯುವಂಥದ್ದು, ಪರದೆ ಇಲ್ಲದ್ದು. ಡಬ್ಬದ ಮೇಲೆ 152 × 95 ಮಿ.ಮೀ., 2048 ಪ್ರೆಶರ್ ಲೆವೆಲ್ ಎಂದಿದೆ. ಲ್ಯಾಪ್‌ಟಾಪ್ 15.6 ಇಂಚಿನದು, 8 ಜಿಬಿ ರ‍್ಯಾಮ್. ಆದರೆ ವೃತ್ತ ಬರೆದರೆ ಮೊಟ್ಟೆಯಾಗುತ್ತದೆ. ಗೆರೆ ನಡುಗುತ್ತದೆ. ಒತ್ತಿ ಬರೆದರೂ ಗೆರೆ ದಪ್ಪ ಆಗುವುದಿಲ್ಲ. ನನ್ನ ಕೈಯೇ ಹೋಯಿತಾ? ಇದನ್ನು ಬಿಟ್ಟು ಪರದೆ ಇರುವುದನ್ನೋ ಐಪ್ಯಾಡನ್ನೋ ಕೊಳ್ಳಬೇಕಾ? ಯಾವ ಸಾಫ್ಟ್‌ವೇರ್ ಒಳ್ಳೆಯದು? ಎಲ್ಲಿಂದ ಶುರು ಮಾಡಲಿ?

ಉತ್ತರ: ಕೈ ಹೋಗಿಲ್ಲ ಮೇಡಂ. ಅಂಗಳ ತುಂಬ ಚುಕ್ಕಿ ರಂಗೋಲಿ ಹಾಕುವ ಕೈ ಎಲ್ಲಿಗೂ ಹೋಗುವುದಿಲ್ಲ. ಸದ್ಯಕ್ಕೆ ಏನನ್ನೂ ಕೊಳ್ಳಲೂ ಬೇಡಿ. ಟ್ಯಾಬ್ಲೆಟ್‌ನ ಅಳತೆ, ಲ್ಯಾಪ್‌ಟಾಪ್‌ನ ಅಳತೆ ಎರಡನ್ನೂ ಬರೆದು ಒಳ್ಳೆಯ ಕೆಲಸ ಮಾಡಿದ್ದೀರಿ. ನಿಮ್ಮ ಮೂರು ತೊಂದರೆಗಳಲ್ಲಿ ಎರಡರ ಕಾರಣ ಆ ಅಳತೆಗಳಲ್ಲೇ ಇದೆ.

ಮೊದಲು ಮೊಟ್ಟೆಯ ವಿಷಯ. ನಿಮ್ಮ ಟ್ಯಾಬ್ಲೆಟ್ 152 ಮಿ.ಮೀ. ಅಗಲ, 95 ಮಿ.ಮೀ. ಎತ್ತರ. ಭಾಗಿಸಿದರೆ 1.6 ಬರುತ್ತದೆ. ಈಗಿನ 15.6 ಇಂಚಿನ ಲ್ಯಾಪ್‌ಟಾಪ್‌ಗಳ ಪರದೆ ಸಾಮಾನ್ಯವಾಗಿ 16:9, ಅಂದರೆ 1.78. ಟ್ಯಾಬ್ಲೆಟ್ ಸ್ವಲ್ಪ ಚೌಕದ ಕಡೆಗಿದೆ, ಪರದೆ ಸ್ವಲ್ಪ ಅಗಲಕ್ಕಿದೆ. ಡ್ರೈವರ್, ಅಂದರೆ ಟ್ಯಾಬ್ಲೆಟ್ಟನ್ನು ಲ್ಯಾಪ್‌ಟಾಪ್ ಜೊತೆ ಹೊಂದಿಸುವ ಸಾಫ್ಟ್‌ವೇರ್, ಏನು ಮಾಡುತ್ತದೆ ಅಂದರೆ, ಟ್ಯಾಬ್ಲೆಟ್‌ನ ನಾಲ್ಕು ಮೂಲೆಗಳನ್ನು ಪರದೆಯ ನಾಲ್ಕು ಮೂಲೆಗಳಿಗೆ ಎಳೆದು ಕೂರಿಸುತ್ತದೆ. ಹೀಗೆ ಎಳೆದಾಗ ಅಡ್ಡಕ್ಕೆ ಹೋದ ಗೆರೆ ಉದ್ದಕ್ಕೆ ಹೋದ ಗೆರೆಗಿಂತ ಸುಮಾರು 11 ಶೇಕಡಾ ಜಾಸ್ತಿ ಹಿಗ್ಗುತ್ತದೆ. ನೀವು 5 ಸೆಂ.ಮೀ. ಅಗಲದ ಸರಿಯಾದ ವೃತ್ತವನ್ನೇ ಬರೆದಿರುತ್ತೀರಿ. ಪರದೆಯಲ್ಲಿ ಅದು 11.3 ಸೆಂ.ಮೀ. ಅಗಲ, 10.2 ಸೆಂ.ಮೀ. ಎತ್ತರದ್ದಾಗಿ ಕಾಣುತ್ತದೆ. ಮೊಟ್ಟೆಯೇ ಅಲ್ವಾ?

ಇದನ್ನು ಸರಿ ಮಾಡಲು ಎರಡು ನಿಮಿಷ ಸಾಕು. ಟ್ಯಾಬ್ಲೆಟ್‌ನ ಡ್ರೈವರ್ ಸಾಫ್ಟ್‌ವೇರ್ ತೆರೆಯಿರಿ. ಮ್ಯಾಪಿಂಗ್ ಅಥವಾ ವರ್ಕ್ ಏರಿಯಾ ಅಂತ ಒಂದು ಪುಟ ಇರುತ್ತದೆ. ಅದರಲ್ಲಿ 'ಫೋರ್ಸ್ ಪ್ರೊಪೋರ್ಷನ್ಸ್' ಎಂಬ ಚೌಕಕ್ಕೆ ಟಿಕ್ ಹಾಕಿ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬೇರೆ ಇರಬಹುದು, ರೇಷಿಯೊ ಅಥವಾ ಪ್ರೊಪೋರ್ಷನ್ ಎಂಬ ಮಾತು ಹುಡುಕಿ. ಟಿಕ್ ಹಾಕಿದ ಮೇಲೆ ಟ್ಯಾಬ್ಲೆಟ್‌ನ ಕೆಳಗೋ ಮೇಲೋ ಸುಮಾರು 9 ಮಿ.ಮೀ.ಯ ಒಂದು ಪಟ್ಟಿ ಕೆಲಸ ಮಾಡುವುದಿಲ್ಲ. ಅದು ಹೋದರೆ ಹೋಗಲಿ. ಮನೆಯ ಟಿವಿಯನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಅಭ್ಯಾಸ ಇದ್ದರೆ ಅದೇ ಪುಟದಲ್ಲಿ ಲ್ಯಾಪ್‌ಟಾಪ್ ಪರದೆಯೊಂದನ್ನೇ ಆರಿಸಿ. ಇಲ್ಲದಿದ್ದರೆ ಟ್ಯಾಬ್ಲೆಟ್ ಎರಡು ಪರದೆಗೂ ಸೇರಿ ಹರಡಿಕೊಂಡು ವೃತ್ತ ಇನ್ನೂ ಚಪ್ಪಟೆಯಾಗುತ್ತದೆ.

ಇನ್ನು ನಡುಗುವ ಗೆರೆ. ಇದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಬಹಳ ಜನ ಟ್ಯಾಬ್ಲೆಟ್ಟನ್ನು ಬೀರುವಿಗೆ ಸೇರಿಸುವುದು ಇದೇ ಕಾರಣಕ್ಕೆ. ನಿಮ್ಮ ತಮ್ಮನೂ ಹಾಗೇ ಮಾಡಿರಬಹುದು. 15.6 ಇಂಚಿನ ಪರದೆಯ ಅಗಲ ಸುಮಾರು 34.5 ಸೆಂ.ಮೀ. ನಿಮ್ಮ ಟ್ಯಾಬ್ಲೆಟ್‌ನ ಅಗಲ 15.2 ಸೆಂ.ಮೀ. ಅಂದರೆ ಕೈ 1 ಸೆಂ.ಮೀ. ಸರಿದರೆ ಗೆರೆ 2.27 ಸೆಂ.ಮೀ. ಸರಿಯುತ್ತದೆ. ಕೈಯ ಸಣ್ಣ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಕಾಗದದ ಮೇಲೆ ಕಣ್ಣಿಗೇ ಬೀಳದ ಅರ್ಧ ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್ ದಾಟುತ್ತದೆ. ನಿಮ್ಮ ಕೈ ಶಾಲೆಯಲ್ಲಿದ್ದಾಗಲೂ ಇಷ್ಟೇ ನಡುಗುತ್ತಿತ್ತು. ಆಗ ಯಾರೂ ಅದನ್ನು ಎರಡು ಪಟ್ಟು ಮಾಡಿ ತೋರಿಸಿರಲಿಲ್ಲ.

ಇದರ ಜೊತೆ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಈ ವಿಚಿತ್ರ ಹೊಸದೇನಲ್ಲ. 1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಮಾಡಿದ ರ‍್ಯಾಂಡ್ ಟ್ಯಾಬ್ಲೆಟ್‌ನಲ್ಲೂ ಮೇಜಿನ ಮೇಲೆ ಪೆನ್ನು ಆಡಿಸಿ ಎದುರಿನ ಪರದೆ ನೋಡಬೇಕಿತ್ತು. ಆಗಿನಿಂದಲೂ ಜನ ಇದಕ್ಕೆ ಒಗ್ಗಿಕೊಳ್ಳುತ್ತಲೇ ಬಂದಿದ್ದಾರೆ. ನೀವು ಆಫೀಸಿನಲ್ಲಿ ದಿನವೂ ಮೌಸ್ ಹಿಡಿಯುತ್ತೀರಿ, ಕೈಯನ್ನು ಒಮ್ಮೆಯೂ ನೋಡುವುದಿಲ್ಲ. ಪೆನ್ನಿಗೂ ಆ ಅಭ್ಯಾಸ ಬರುತ್ತದೆ. ಹೊಲಿಗೆ ಕಲಿಯುವವರಿಗೆ ಮೊದಲು ದಾರ ಪೋಣಿಸದೆ, ಗೆರೆ ಹಾಕಿದ ಕಾಗದದ ಮೇಲೆ ಮೆಷಿನ್ ಓಡಿಸಲು ಹೇಳುತ್ತಾರೆ. ಕಾಲು ತುಳಿಯುವುದಕ್ಕೂ ಕೈ ಬಟ್ಟೆ ತಳ್ಳುವುದಕ್ಕೂ ಹೊಂದಾಣಿಕೆ ಬರಲಿ ಅಂತ. ನಿಮ್ಮ ಮೊದಲ ಎರಡು ಮೂರು ವಾರ ಅಂಥದ್ದು. ಆ ವಾರಗಳಲ್ಲಿ ಚಿತ್ರ ಚೆನ್ನಾಗಿ ಬರಬೇಕು ಅಂತ ಹಟ ಹಿಡಿಯಬೇಡಿ.

ಆದರೂ ಯಂತ್ರದಲ್ಲೇ ದೋಷ ಇರಬಹುದಾ ಎಂಬ ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಟ್ಯಾಬ್ಲೆಟ್ ಮೇಲೆ ಒಂದು ಪ್ಲಾಸ್ಟಿಕ್ ಸ್ಕೇಲನ್ನು ಓರೆಯಾಗಿ ಇಡಿ. ಸ್ಟೀಲಿನದು ಬೇಡ. ಅದರ ಅಂಚಿಗೆ ಪೆನ್ನು ತಾಗಿಸಿ ತುಂಬ ನಿಧಾನವಾಗಿ ಒಂದು ಓರೆ ಗೆರೆ ಎಳೆಯಿರಿ. ಗೆರೆ ನೇರವಾಗಿ ಬಂದರೆ ಯಂತ್ರ ಸರಿ ಇದೆ, ಅಭ್ಯಾಸ ಬೇಕಿರುವುದು ಕೈಗೆ. ಸ್ಕೇಲ್ ಇಟ್ಟರೂ ಗೆರೆ ಅಲೆ ಅಲೆಯಾಗಿ ಬಂದರೆ ಅದು ಯಂತ್ರದ ದೋಷ. ಇದು ಯಾಕೆ ಹೀಗೆ ಅಂದರೆ, ಟ್ಯಾಬ್ಲೆಟ್‌ನ ಹಲಗೆಯ ಒಳಗೆ ತಂತಿಗಳ ಒಂದು ಜಾಲ ಇರುತ್ತದೆ. ಅದು ಕಾಂತೀಯ ಸಂಕೇತ ಕಳಿಸುತ್ತದೆ. ಪೆನ್ನಿನೊಳಗಿನ ಸಣ್ಣ ಸುರುಳಿ ಅದರಿಂದಲೇ ಶಕ್ತಿ ತೆಗೆದುಕೊಂಡು ತಿರುಗಿ ಉತ್ತರ ಕೊಡುತ್ತದೆ. ಹಾಗಾಗಿಯೇ ಇಂಥ ಪೆನ್ನಿಗೆ ಬ್ಯಾಟರಿ ಬೇಡ. ಯಾವ ತಂತಿಗೆ ಎಷ್ಟು ಜೋರಾಗಿ ಉತ್ತರ ಬಂತು ಎಂದು ನೋಡಿ ಪೆನ್ನು ಎಲ್ಲಿದೆ ಎಂದು ಟ್ಯಾಬ್ಲೆಟ್ ಲೆಕ್ಕ ಹಾಕುತ್ತದೆ. ಎರಡು ತಂತಿಗಳ ನಡುವಿನ ಜಾಗದ ಲೆಕ್ಕ ಸರಿಯಾಗದಿದ್ದರೆ ನಿಧಾನದ ಓರೆ ಗೆರೆಯಲ್ಲಿ ಅಲೆ ಕಾಣುತ್ತದೆ. ಸ್ಟೀಲ್ ಮೇಜು, ಪಕ್ಕದಲ್ಲಿಟ್ಟ ಸ್ಪೀಕರ್, ಟ್ಯಾಬ್ಲೆಟ್ ಮೇಲೇ ಇಟ್ಟ ಮೊಬೈಲ್ ಕೂಡ ಈ ಸಂಕೇತ ಕೆಡಿಸುತ್ತವೆ. ಮರದ ಮೇಜಿನ ಮೇಲಿಟ್ಟು ಇನ್ನೊಮ್ಮೆ ನೋಡಿ.

ಮೂರನೆಯದು, ಒತ್ತಿದರೂ ದಪ್ಪವಾಗದ ಗೆರೆ. ಇದು ಡ್ರೈವರ್‌ನ ಗೊಂದಲ. ತಮ್ಮನ ಕಂಪ್ಯೂಟರಿನಲ್ಲಿ ಸರಿಯಿದ್ದಿರಬಹುದು, ನಿಮ್ಮದರಲ್ಲಿ ವಿಂಡೋಸ್ ತನ್ನದೇ ಡ್ರೈವರ್ ಹಾಕಿಕೊಂಡು ಅದನ್ನು ಮೌಸ್ ಅಂತ ತಿಳಿದುಕೊಂಡಿರುತ್ತದೆ. ಹಿಂದೆ ಬೇರೆ ಯಾವುದಾದರೂ ಟ್ಯಾಬ್ಲೆಟ್‌ನ ಡ್ರೈವರ್ ಹಾಕಿದ್ದರೆ ಅದನ್ನು ಪೂರ್ತಿ ತೆಗೆಯಿರಿ. ಕಂಪನಿಯ ವೆಬ್‌ಸೈಟಿನಿಂದ ನಿಮ್ಮ ಮಾದರಿಯ ಡ್ರೈವರ್ ಇಳಿಸಿಕೊಂಡು ಹಾಕಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಬರೆಯಲು ಹೋದಾಗ ಪೆನ್ನಿನ ತುದಿಯ ಸುತ್ತ ಒಂದು ಉಂಗುರ ಕಾಣಿಸಿಕೊಂಡು ಗೆರೆ ತಡವಾಗಿ ಶುರುವಾದರೆ, ಕಂಟ್ರೋಲ್ ಪ್ಯಾನೆಲ್‌ನ 'ಪೆನ್ ಆ್ಯಂಡ್ ಟಚ್'ನಲ್ಲಿ 'ಪ್ರೆಸ್ ಆ್ಯಂಡ್ ಹೋಲ್ಡ್' ಅನ್ನು ಆಫ್ ಮಾಡಿ.

ಸಾಫ್ಟ್‌ವೇರ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕ್ರಿಟಾ ಹಾಕಿಕೊಳ್ಳಿ. ಚಿತ್ರ ಬರೆಯಲೆಂದೇ ಮಾಡಿದ ಸಾಫ್ಟ್‌ವೇರ್ ಅದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಅದರ ವೆಬ್‌ಸೈಟಿನಿಂದ ಇಳಿಸಿಕೊಂಡರೆ ಪೂರ್ತಿ ಉಚಿತ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ದುಡ್ಡು ಕೇಳುತ್ತದೆ. ಅದು ಮಾಡಿದವರಿಗೆ ನೆರವಾಗಲಿ ಅಂತ, ಸಾಫ್ಟ್‌ವೇರ್ ಅದೇ. ಫೋಟೊಶಾಪ್‌ನ ಕದ್ದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಸೊಸೈಟಿಯ ಲೆಕ್ಕಪತ್ರ ಇರುವ ಲ್ಯಾಪ್‌ಟಾಪ್‌ಗೆ ಅದನ್ನು ಖಂಡಿತ ಹಾಕಬೇಡಿ. ವೈರಸ್ ಬಂದರೆ ಚಿತ್ರದ ಜೊತೆ ಉಳಿದದ್ದೂ ಹೋಗುತ್ತದೆ. ಹವ್ಯಾಸಕ್ಕೆ ಬರೆಯುವವರಿಗೆ ಫೋಟೊಶಾಪ್‌ನ ಅಗತ್ಯವೂ ಇಲ್ಲ.

ಕ್ರಿಟಾದ ಸೆಟ್ಟಿಂಗ್ಸ್ ಮೆನುವಿನಲ್ಲಿ 'ಕಾನ್ಫಿಗರ್ ಕ್ರಿಟಾ' ತೆರೆದು 'ಟ್ಯಾಬ್ಲೆಟ್ ಸೆಟ್ಟಿಂಗ್ಸ್'ಗೆ ಹೋಗಿ. ಅಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆ ಇವೆ. ಒಂದರಲ್ಲಿ ಪ್ರೆಶರ್ ಬಾರದಿದ್ದರೆ ಇನ್ನೊಂದನ್ನು ಆರಿಸಿ ಕ್ರಿಟಾ ಮುಚ್ಚಿ ತೆರೆಯಿರಿ. ಅದೇ ಪುಟದಲ್ಲಿ ಟ್ಯಾಬ್ಲೆಟ್ ಟೆಸ್ಟರ್ ಇದೆ, ಒತ್ತಡ ಬರುತ್ತಿದೆಯೇ ಎಂದು ತಕ್ಷಣ ತಿಳಿಯುತ್ತದೆ. ಒಂದು ವಕ್ರರೇಖೆಯೂ ಕಾಣುತ್ತದೆ. ಅದನ್ನು ಸ್ವಲ್ಪ ಮೇಲಕ್ಕೆ ಎಳೆದರೆ ಹಗುರ ಒತ್ತಡಕ್ಕೂ ಗೆರೆ ದಪ್ಪ ಬರುತ್ತದೆ. ಪೆನ್ಸಿಲ್ ಹಿಡಿದು ಬೆಳೆದವರು ಮೊದಮೊದಲು ತುಂಬ ಒತ್ತುತ್ತಾರೆ, ಒಂದು ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಹಾಗಾಗಿ ಇದನ್ನು ಮೊದಲ ದಿನವೇ ಸರಿ ಮಾಡಿಕೊಳ್ಳಿ. ಇನ್ನು ಒತ್ತಡವನ್ನು ಗುರುತಿಸುವ ಹಂತಗಳು, ಅಂದರೆ ಲೆವೆಲ್, 2048 ಇದ್ದರೆ ಕಡಿಮೆ ಆಯಿತು, 8192 ಬೇಕು, 16384 ಬೇಕು ಎಂಬ ಮಾತಿಗೆ ಕಿವಿಗೊಡಬೇಡಿ. ಆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಎಷ್ಟು ಹಗುರ ಸ್ಪರ್ಶಕ್ಕೆ ಗೆರೆ ಶುರುವಾಗುತ್ತದೆ ಎಂಬುದೇ ಮುಖ್ಯ, ಅದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದಿಲ್ಲ.

ಬ್ರಷ್ ಸಾಧನ ಆರಿಸಿದಾಗ ಅದರ ಆಯ್ಕೆಗಳಲ್ಲಿ ಸ್ಮೂದಿಂಗ್ ಅಂತ ಒಂದಿದೆ. ಅದರಲ್ಲಿ 'ವೆಯ್ಟೆಡ್' ಎಂದಿಟ್ಟರೆ ನಡುಕ ಸ್ವಲ್ಪ ಕಡಿಮೆಯಾಗುತ್ತದೆ. 'ಸ್ಟೆಬಿಲೈಜರ್' ಇನ್ನೂ ಜೋರು, ಆದರೆ ಗೆರೆ ಪೆನ್ನಿನ ಹಿಂದೆ ಎಳೆದಾಡಿಕೊಂಡು ಬರುತ್ತದೆ. ಮೊದಲ ವಾರಗಳಲ್ಲಿ ಸ್ಟೆಬಿಲೈಜರ್ ಬೇಡ ಎಂದೇ ನನ್ನ ಸಲಹೆ. ಅದಿದ್ದರೆ ಕೈಗೆ ತನ್ನ ತಪ್ಪು ಗೊತ್ತಾಗುವುದಿಲ್ಲ.

ಈಗ ಕೂರುವ ರೀತಿ. ಟ್ಯಾಬ್ಲೆಟ್ ಪರದೆಯ ನೇರ ಎದುರಿಗೆ ಇರಲಿ. ಬಲಗಡೆ ಮೌಸ್ ಇಡುವ ಜಾಗದಲ್ಲಿಟ್ಟು ಬರೆದರೆ ಗೆರೆಗಳೆಲ್ಲ ವಾಲುತ್ತವೆ, ಹೆಗಲೂ ನೋಯುತ್ತದೆ. ಲ್ಯಾಪ್‌ಟಾಪನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಕೆಳಗೆ ಎರಡು ದಪ್ಪ ಪುಸ್ತಕ ಇಡಿ. ಹಾಗೆ ಮಾಡಿದರೆ ಅದರ ಕೀಬೋರ್ಡಿಗೆ ಕೈ ಎಟುಕುವುದಿಲ್ಲ. ಒಂದು ಬಿಡಿ ಕೀಬೋರ್ಡ್ ತಂದು ಎಡಗೈ ಕಡೆ ಇಟ್ಟುಕೊಂಡರೆ ಒಳ್ಳೆಯದು. ನಾನು ನಿಮಗೆ ಖರ್ಚು ಹೇಳುವುದಿದ್ದರೆ ಅದೊಂದೇ. ಹಲಗೆ ತುಂಬ ಜಾರುತ್ತದೆ ಅನಿಸಿದರೆ ಅದರ ಮೇಲೆ ಒಂದು ಬಿಳಿ ಹಾಳೆಯನ್ನು ಟೇಪಿನಿಂದ ಅಂಟಿಸಿ. ಸಂಕೇತ ಕಾಗದ ದಾಟಿ ಹೋಗುತ್ತದೆ, ಕೈಗೆ ಪರಿಚಯದ ಹಿಡಿತವೂ ಸಿಗುತ್ತದೆ. ನಿಬ್ ಮಾತ್ರ ಬೇಗ ಸವೆಯುತ್ತದೆ. ಸವೆದು ಒಂದು ಮಗ್ಗುಲು ಚೂಪಾದರೆ ಕೂಡಲೇ ಬದಲಿಸಿ, ಇಲ್ಲದಿದ್ದರೆ ಹಲಗೆಗೆ ಗೀರು ಬೀಳುತ್ತದೆ. ಡಬ್ಬದಲ್ಲಿ ಬಿಡಿ ನಿಬ್ಬುಗಳೂ ಅದನ್ನು ಕೀಳುವ ಸಣ್ಣ ಉಂಗುರವೂ ಇರುತ್ತವೆ, ತಮ್ಮನನ್ನು ಕೇಳಿ.

ಅಭ್ಯಾಸಕ್ಕೆ ನಿಮಗೆ ಹೊರಗಿನ ಪಾಠವೇ ಬೇಡ. ಎರಡು ಕೆಲಸ ಹೇಳುತ್ತೇನೆ. ಎರಡೂ ನಿಮ್ಮ ಕೈಗೆ ಗೊತ್ತಿರುವಂಥವು, ಅದಕ್ಕೇ ಹೇಳುತ್ತಿರುವುದು.

ಒಂದು, ಕಾಪಿ ಬರೆಯಿರಿ. ಅಆಇಈಯಿಂದ ಶುರು ಮಾಡಿ ಇಡೀ ವರ್ಣಮಾಲೆಯನ್ನು ಪರದೆಯ ತುಂಬ ದೊಡ್ಡದಾಗಿ ಬರೆಯಿರಿ. ನಮ್ಮ ಅಕ್ಷರಗಳಲ್ಲಿ ಇರುವುದೆಲ್ಲ ದುಂಡು, ಕೊಂಡಿ, ಸುರುಳಿ, ತಲೆಕಟ್ಟು. ಚಿತ್ರಕ್ಕೆ ಬೇಕಾದ ತಿರುವುಗಳೆಲ್ಲ ಅಲ್ಲಿವೆ. ಇನ್ನೊಂದು ಅನುಕೂಲವೂ ಇದೆ. ಬಾಲ್ಯದಿಂದ ಬರೆದ ಅಕ್ಷರ ಹೇಗಿರಬೇಕು ಎಂದು ನಿಮ್ಮ ಕಣ್ಣಿಗೆ ಚೆನ್ನಾಗಿ ಗೊತ್ತು. 'ಠ' ಚಪ್ಪಟೆಯಾದರೆ, 'ಕ್ಷ'ದ ಹೊಟ್ಟೆ ಕುಗ್ಗಿದರೆ ಯಾರೂ ಹೇಳಿಕೊಡದೆ ತಿಳಿಯುತ್ತದೆ. ಸುಮ್ನೆ ನೂರು ವೃತ್ತ ಬರೆಯುತ್ತಾ ಕೂರುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ. ಬರೆಯುವಾಗ ಬೆರಳಿನಿಂದ ಬೇಡ, ಮೊಣಕೈಯಿಂದ ಬರೆಯಿರಿ. ಪೆನ್ನನ್ನು ಸ್ವಲ್ಪ ಮೇಲೆ ಹಿಡಿಯಿರಿ. ನಿಧಾನ ಎಳೆದಷ್ಟೂ ನಡುಕ ಜಾಸ್ತಿ. ಗೆರೆ ಎಲ್ಲಿ ಮುಗಿಯಬೇಕೋ ಅಲ್ಲಿ ಕಣ್ಣಿಟ್ಟು ಒಂದೇ ಉಸಿರಿಗೆ ಎಳೆದುಬಿಡಿ. ಸರಿಯಾಗದಿದ್ದರೆ ಕಂಟ್ರೋಲ್ ಝಡ್ ಒತ್ತಿ ಮತ್ತೆ ಎಳೆಯಿರಿ.

ಎರಡು, ಚುಕ್ಕಿ ರಂಗೋಲಿ. 7ರಿಂದ 1ಕ್ಕೆ ಚುಕ್ಕಿ ಇಡಿ, ಆಮೇಲೆ ಜೋಡಿಸಿ. ಚುಕ್ಕಿ ಇಡುವುದು ಎಂದರೆ ಪೆನ್ನಿನ ತುದಿ ಬೇಕಾದ ಕಡೆಗೇ ಇಳಿಯುತ್ತದೆಯೇ ಎಂಬ ಪರೀಕ್ಷೆ. ಜೋಡಿಸುವುದು ಎಂದರೆ ಒಂದು ಗುರಿಯಿಂದ ಇನ್ನೊಂದು ಗುರಿಗೆ ಗೆರೆ ಹರಿಸುವ ಪರೀಕ್ಷೆ. ಎಳೆ ರಂಗೋಲಿ ಬರುತ್ತದಾದರೆ ಅದನ್ನೂ ಹಾಕಿ. ಚುಕ್ಕಿಗಳ ಸುತ್ತ ಪೆನ್ನು ಎತ್ತದೆ ಸುತ್ತಿ ಬರುವುದು ಕೈಗೂ ಕಣ್ಣಿಗೂ ಅದ್ಭುತ ವ್ಯಾಯಾಮ. ಕ್ರಿಟಾದಲ್ಲಿ ಮಲ್ಟಿಬ್ರಷ್ ಎಂಬ ಸಾಧನ ಇದೆ. ಒಂದು ಎಸಳು ಬರೆದರೆ ಸುತ್ತ ಎಂಟು ಎಸಳು ತಾವೇ ಮೂಡುತ್ತವೆ. ನೋಡಲು ಸೊಗಸು. ಆದರೆ ಅಭ್ಯಾಸಕ್ಕೆ ಅದು ಬೇಡ, ನಿಮ್ಮ ಕೈಯೇ ಎಂಟೂ ಎಸಳು ಬರೆಯಲಿ.

ಗೆರೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ದಪ್ಪ ಸಣ್ಣ ಮಾಡುವುದನ್ನು ಕಲಿಯಿರಿ. ಹಗುರವಾಗಿ ಶುರು ಮಾಡಿ, ನಡುವೆ ಒತ್ತಿ, ಕೊನೆಗೆ ಮತ್ತೆ ಹಗುರ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಒಮ್ಮೆ ನೋಡಿ. ಅವರು ಸ್ವತಃ ಕಥಕ್ ಕಲಿತವರು. ನಾಲ್ಕೈದು ಗೆರೆಯಲ್ಲಿ ಕುಣಿಯುವ ದೇಹವೇ ಎದ್ದು ನಿಲ್ಲುತ್ತದೆ. ಅಂಥ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡಿ ಬರೆಯಿರಿ. ಮೇಲಿಟ್ಟು ಟ್ರೇಸ್ ಮಾಡಬೇಡಿ. ಎಲ್ಲಿ ಗೆರೆ ಬಿಟ್ಟಿದ್ದಾರೆ, ಎಲ್ಲಿ ಒತ್ತಿದ್ದಾರೆ ಎಂದು ನೋಡುವುದರಲ್ಲೇ ಅರ್ಧ ಪಾಠ ಇದೆ.

ಕಾಗದವನ್ನೂ ಬಿಡಬೇಡಿ. ಇದು ಹೊಸಬರು ಮಾಡುವ ದೊಡ್ಡ ತಪ್ಪು. ಟ್ಯಾಬ್ಲೆಟ್ ಬಂತು ಎಂದು ಪೆನ್ಸಿಲ್ ಎತ್ತಿಟ್ಟುಬಿಡುತ್ತಾರೆ. ಶುರುವಿನಲ್ಲಿ ನೀವು ಹೀಗೆ ಮಾಡಿ. ಚಿತ್ರದ ಕಚ್ಚಾ ರೂಪವನ್ನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ನೇರ ಮೇಲಿಂದ ಫೋಟೊ ತೆಗೆಯಿರಿ. ಅದನ್ನು ಕ್ರಿಟಾದಲ್ಲಿ ಒಂದು ಲೇಯರ್ (ಪದರ) ಆಗಿ ತಂದು, ಅದರ ಒಪ್ಯಾಸಿಟಿಯನ್ನು, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕು ಎಂಬುದನ್ನು, 30 ಶೇಕಡಾಕ್ಕೆ ಇಳಿಸಿ. ಅದರ ಮೇಲೆ ಹೊಸ ಲೇಯರ್ ಹಾಕಿ ಗೆರೆ ಎಳೆಯಿರಿ, ಬಣ್ಣ ತುಂಬಿ. ಆಕಾರ ನಿಮ್ಮ ಹಳೆಯ ಕೈಯದ್ದು, ಬಣ್ಣ ಹೊಸ ಕೈಯದ್ದು. ಹೀಗೆ ಮಾಡಿದರೆ ಮೊದಲ ವಾರದಲ್ಲೇ ಒಂದು ನೋಡುವಂಥ ಚಿತ್ರ ಕೈಗೆ ಬರುತ್ತದೆ, ಉತ್ಸಾಹವೂ ಉಳಿಯುತ್ತದೆ.

ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳು. ನಿಮಗೆ ನಾಲ್ಕು ಸಾಕು. ಕೆಳಗೆ ಕಚ್ಚಾ ಚಿತ್ರ. ಅದರ ಮೇಲೆ ಚಪ್ಪಟೆ ಬಣ್ಣ. ಅದರ ಮೇಲೆ ನೆರಳು. ಎಲ್ಲಕ್ಕಿಂತ ಮೇಲೆ ಗೆರೆ. ನೆರಳಿನ ಲೇಯರ್‌ಗೆ ಬ್ಲೆಂಡಿಂಗ್ ಮೋಡ್ (ಕೆಳಗಿನ ಬಣ್ಣದ ಜೊತೆ ಬೆರೆಯುವ ರೀತಿ) 'ಮಲ್ಟಿಪ್ಲೈ' ಎಂದು ಇಟ್ಟು, ತೆಳು ಬೂದು ನೇರಳೆ ಬಣ್ಣದಲ್ಲಿ ಬಳಿದರೆ ಕೆಳಗಿನ ಬಣ್ಣ ಹಾಗೇ ಇದ್ದು ಕಪ್ಪಾಗುತ್ತದೆ. ನೆರಳು ಆಕಾರದ ಹೊರಗೆ ಚೆಲ್ಲಬಾರದು ಅನ್ನಿಸಿದರೆ ಚಪ್ಪಟೆ ಬಣ್ಣದ ಲೇಯರ್ ಆರಿಸಿಕೊಂಡು ಕಂಟ್ರೋಲ್, ಶಿಫ್ಟ್, ಜಿ ಮೂರನ್ನೂ ಒಟ್ಟಿಗೆ ಒತ್ತಿ. ಅದಕ್ಕೆ ಕ್ಲಿಪ್ಪಿಂಗ್ ಗ್ರೂಪ್ ಎನ್ನುತ್ತಾರೆ. ಗೆರೆ ಬೇರೆ ಲೇಯರ್‌ನಲ್ಲಿ ಇರುವುದರಿಂದ ಬಣ್ಣ ಎಷ್ಟು ಸಲ ಕೆಟ್ಟರೂ ಗೆರೆಗೆ ಏನೂ ಆಗುವುದಿಲ್ಲ. ಜಲವರ್ಣದಲ್ಲಿ ಒಂದು ಹನಿ ಜಾಸ್ತಿ ಬಿದ್ದು ಇಡೀ ಹಾಳೆ ಹೋದದ್ದು ನಿಮಗೂ ನೆನಪಿರಬಹುದು. ಇಲ್ಲಿ ಆ ಭಯ ಇಲ್ಲ. ಭಯ ಇಲ್ಲದಿದ್ದಾಗ ಜನ ಧಾರಾಳವಾಗಿ ಬರೆಯುತ್ತಾರೆ. ಡಿಜಿಟಲ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಬ್ರಷ್ ವಿಷಯದಲ್ಲಿ ಮಾತ್ರ ಜಿಪುಣರಾಗಿರಿ. ಕ್ರಿಟಾ ಜೊತೆಗೇ ನೂರಕ್ಕೂ ಜಾಸ್ತಿ ಬ್ರಷ್ ಬರುತ್ತವೆ. ಮೊದಲ ತಿಂಗಳು ಮೂರೇ ಬಳಸಿ. ಕಚ್ಚಾ ಚಿತ್ರಕ್ಕೆ 'ಪೆನ್ಸಿಲ್-2', ಗೆರೆಗೆ 'ಜಿಪೆನ್' ಎಂದಿರುವುದು, ಬಣ್ಣಕ್ಕೆ 'ಬೇಸಿಕ್-5 ಸೈಜ್'. ಒಂದೇ ಬ್ರಷ್ ಕೈಗೆ ಪಳಗಿದರೆ ಅದರಿಂದ ಎಷ್ಟೆಲ್ಲ ಬರುತ್ತದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಕೀಗಳೂ ಅಷ್ಟೇ, ಕೆಲವೇ ಸಾಕು. 'ಬಿ' ಬ್ರಷ್, 'ಇ' ರಬ್ಬರ್. ಶಿಫ್ಟ್ ಹಿಡಿದು ಎಳೆದರೆ ಬ್ರಷ್ ದೊಡ್ಡದು ಚಿಕ್ಕದು. ಕಂಟ್ರೋಲ್ ಹಿಡಿದು ಚಿತ್ರದ ಮೇಲೆ ಒತ್ತಿದರೆ ಅಲ್ಲಿನ ಬಣ್ಣ ಸಿಗುತ್ತದೆ. 4 ಮತ್ತು 6 ಒತ್ತಿದರೆ ಕ್ಯಾನ್ವಾಸ್ ತಿರುಗುತ್ತದೆ, 5 ಒತ್ತಿದರೆ ಮತ್ತೆ ನೆಟ್ಟಗಾಗುತ್ತದೆ. ಕಾಗದದಲ್ಲೂ ಕೈಗೆ ಅನುಕೂಲವಾಗುವಂತೆ ಹಾಳೆ ತಿರುಗಿಸುತ್ತೇವಲ್ಲ, ಅದೇ. 'ಎಂ' ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಮಗುಚುತ್ತದೆ. ಮುಖ ಬರೆಯುವಾಗ ಇದನ್ನು ಆಗಾಗ ಒತ್ತಿ. ಒಂದು ಕಣ್ಣು ಕೆಳಗಿಳಿದಿದ್ದರೆ ಆಗ ಥಟ್ಟನೆ ಕಾಣುತ್ತದೆ.

ಬಣ್ಣದ ಬಗ್ಗೆ ನಿಮ್ಮ ಕಡೆಯಲ್ಲೇ ಒಳ್ಳೆಯ ಗುರುಗಳಿದ್ದಾರೆ. ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಬಳಸುವುದು ನಾಲ್ಕೇ ಬಣ್ಣ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಅಷ್ಟರಲ್ಲೇ ಗೋಡೆ ತುಂಬುತ್ತಾರೆ. ಕ್ರಿಟಾದ ಬಣ್ಣದ ಚಕ್ರದಲ್ಲಿ ಲಕ್ಷಾಂತರ ಬಣ್ಣ ಕಂಡು ಹೊಸಬರು ಎಲ್ಲವನ್ನೂ ಸುರಿಯುತ್ತಾರೆ, ಚಿತ್ರ ಕಣ್ಣಿಗೆ ಚುಚ್ಚುತ್ತದೆ. ನಿಮ್ಮ ಮೊದಲ ಹತ್ತು ಚಿತ್ರಗಳನ್ನು ಈ ನಾಲ್ಕು ಬಣ್ಣದಲ್ಲೇ ಮಾಡಿ ನೋಡಿ. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಬುಟ್ಟಿ ಎಲ್ಲಾದರೂ ಸಿಕ್ಕರೆ ಎದುರಿಗಿಟ್ಟುಕೊಂಡು ಬರೆಯಿರಿ. ಬಣ್ಣಕ್ಕಿಂತ ಮೊದಲು ಬೆಳಕು, ಕತ್ತಲೆ ಸರಿ ಇರಬೇಕು. ಅದನ್ನು ನೋಡಲು ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ಹಾಕಿ, ಪೂರ್ತಿ ಕಪ್ಪು ತುಂಬಿ, ಅದರ ಮೋಡ್ 'ಕಲರ್' ಎಂದಿಡಿ. ಇಡೀ ಚಿತ್ರ ಕಪ್ಪು ಬಿಳುಪಾಗಿ ಕಾಣುತ್ತದೆ. ಎಲ್ಲವೂ ಒಂದೇ ಬೂದು ಅನ್ನಿಸಿದರೆ ನೆರಳು ಸಾಲದು ಅಂತ ಅರ್ಥ. ನೋಡಿ ಆದ ಮೇಲೆ ಆ ಲೇಯರ್‌ನ ಕಣ್ಣು ಮುಚ್ಚಿ.

ನಿಮ್ಮ 8 ಜಿಬಿ ರ‍್ಯಾಮ್ ಸಾಕು. ಎ4 ಹಾಳೆಯನ್ನು 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ತೆಗೆದುಕೊಂಡರೆ 2480 × 3508 ಪಿಕ್ಸೆಲ್ ಆಗುತ್ತದೆ. ಪೂರ್ತಿ ಬಣ್ಣ ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ ಬೇಕು. ಹತ್ತು ಹದಿನೈದು ಲೇಯರ್ ಇದ್ದರೂ ತೊಂದರೆ ಇಲ್ಲ. ಹೊಸ ಕಡತ ತೆರೆಯುವಾಗ ಬಣ್ಣದ ಆಳ 8 ಬಿಟ್ ಎಂದೇ ಇರಲಿ, 16 ಬಿಟ್ ಆರಿಸಿದರೆ ಎರಡು ಪಟ್ಟು ಜಾಗ ತಿನ್ನುತ್ತದೆ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟು ಬರೆಯಲು ಕೂರಬೇಡಿ, ಅಷ್ಟೇ.

ಕಲಿಯಲು ಕ್ರಿಟಾದ ಕೈಪಿಡಿಯೇ ಉಚಿತವಾಗಿ ಅಂತರ್ಜಾಲದಲ್ಲಿದೆ. ಫ್ರಾನ್ಸಿನ ಡೇವಿಡ್ ರೆವೊಯ್ ಎಂಬ ಕಲಾವಿದ ಕ್ರಿಟಾದಲ್ಲೇ ಕಾಮಿಕ್ಸ್ ಬರೆಯುತ್ತಾರೆ. ತಮ್ಮ ಲೇಯರ್ ಇರುವ ಮೂಲ ಕಡತಗಳನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಒಂದನ್ನು ಇಳಿಸಿಕೊಂಡು ಲೇಯರ್‌ಗಳ ಕಣ್ಣು ಮುಚ್ಚಿ ತೆರೆದು ನೋಡಿ. ಒಬ್ಬ ಪಳಗಿದ ಕಲಾವಿದ ಹೇಗೆ ಕಟ್ಟುತ್ತಾ ಹೋಗಿದ್ದಾರೆ ಎಂಬುದು ಯಾವ ವಿಡಿಯೋಗಿಂತ ಚೆನ್ನಾಗಿ ತಿಳಿಯುತ್ತದೆ. ವಿಡಿಯೋ ನೋಡುವುದಾದರೆ ಒಂದು ನೋಡಿದ ಮೇಲೆ ಒಂದು ಚಿತ್ರ ಮುಗಿಸಿ, ಆಮೇಲೆ ಇನ್ನೊಂದು ನೋಡಿ.

ಪರದೆ ಇರುವ ಟ್ಯಾಬ್ಲೆಟ್, ಐಪ್ಯಾಡ್ ಬಗ್ಗೆ ಕೇಳಿದ್ದಿರಿ. ಈಗ ಬೇಡ ಎಂದೆ, ಯಾವತ್ತೂ ಬೇಡ ಎನ್ನುವುದಿಲ್ಲ. ಕೆಲವು ತಿಂಗಳು ಬಿಡದೆ ಬರೆದು, ಇದರಲ್ಲಿ ಇಂಥದ್ದು ಆಗುತ್ತಿಲ್ಲ ಎಂದು ನೀವು ಬೆರಳಿಟ್ಟು ತೋರಿಸುವಂತಾದಾಗ ಯೋಚಿಸಿ. ಗೆರೆ ಇನ್ನೂ ಚುರುಕಾಗಿ ಹಿಗ್ಗುತ್ತದೆ ಅನಿಸಿದರೆ ಪರದೆ ಇಲ್ಲದ್ದರಲ್ಲೇ ಮಧ್ಯಮ ಗಾತ್ರದ್ದು ಕೊಳ್ಳಿ. 216 ಮಿ.ಮೀ. ಅಗಲದ್ದರಲ್ಲಿ ಹಿಗ್ಗು 1.6 ಪಟ್ಟಿಗೆ ಇಳಿಯುತ್ತದೆ. ಪರದೆ ಇರುವ ಪೆನ್ ಡಿಸ್‌ಪ್ಲೇಗೆ ಲ್ಯಾಪ್‌ಟಾಪ್ ಬೇಕೇ ಬೇಕು, ಜೊತೆಗೆ ಕೇಬಲ್‌ಗಳ ಗೋಜಲು. ಗಂಟೆಗಟ್ಟಲೆ ಬಗ್ಗಿ ಬರೆಯಬೇಕು, ಕುತ್ತಿಗೆ ಹಿಡಿಯುತ್ತದೆ. ಪರದೆ ಇಲ್ಲದ್ದರಲ್ಲಿ ತಲೆ ಎತ್ತಿ ಕೂರುತ್ತೀರಿ, 40 ದಾಟಿದವರಿಗೆ ಇದು ಸಣ್ಣ ಮಾತಲ್ಲ. ಕೊಂಡರೂ ಗಾಜಿಗೂ ಪರದೆಗೂ ನಡುವೆ ಜಾಗ ಇಲ್ಲದಂತೆ ಅಂಟಿಸಿರುವ, ಲ್ಯಾಮಿನೇಟೆಡ್ ಎಂದಿರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಪೆನ್ನಿನ ತುದಿ ಒಂದು ಕಡೆ, ಗೆರೆ ಕೂದಲೆಳೆ ಪಕ್ಕದಲ್ಲಿ.

ಕರೆಂಟು ಹೋದರೂ, ಬಸ್ಸಿನಲ್ಲಿ ಕೂತರೂ ಬರೆಯಬೇಕು ಎಂದಿದ್ದರೆ ಪೆನ್ನಿನ ಜೊತೆ ಬರುವ ಆಂಡ್ರಾಯ್ಡ್ ಟ್ಯಾಬ್ ನೋಡಬಹುದು. 2020ರಲ್ಲಿ ಬಂದ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥವುಗಳಲ್ಲಿ ಪೆನ್ನು ಡಬ್ಬದಲ್ಲೇ ಇರುತ್ತದೆ, ಅದಕ್ಕೆ ಚಾರ್ಜೂ ಬೇಡ. ಐಪ್ಯಾಡ್‌ಗೆ ಪ್ರೊಕ್ರಿಯೇಟ್ ಎಂಬ ಸೊಗಸಾದ ಸಾಫ್ಟ್‌ವೇರ್ ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದವರು ಮಾಡಿದ್ದು, ಒಮ್ಮೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಆದರೆ ಐಪ್ಯಾಡ್ ಕೊಳ್ಳುವವರು ಒಂದು ವಿಷಯ ಸರಿಯಾಗಿ ತಿಳಿದಿರಬೇಕು. 2023ರಲ್ಲಿ ಬಂದ, ಕಡಿಮೆ ಬೆಲೆಯ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ಗೆ ಒತ್ತಡ ಗುರುತಿಸುವ ಶಕ್ತಿಯೇ ಇಲ್ಲ. ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ. ಬೆಲೆ ಕಡಿಮೆ ಎಂದು ಅದನ್ನು ತಂದರೆ, ಈಗ ನಿಮಗೆ ಬೇಸರ ತಂದಿರುವ ತೊಂದರೆಯನ್ನೇ ಅಷ್ಟು ದುಡ್ಡು ಕೊಟ್ಟು ಮನೆಗೆ ತಂದ ಹಾಗೆ. ಯಾವ ಪೆನ್ಸಿಲ್ ಯಾವ ಐಪ್ಯಾಡಿಗೆ ಕೂರುತ್ತದೆ ಎಂದು ನೋಡಿಯೇ ಕೊಳ್ಳಿ.

ಚಿತ್ರ ಉಳಿಸುವಾಗ ಮೂಲವನ್ನು ಕ್ರಿಟಾದ ಸ್ವಂತ ರೂಪದಲ್ಲೇ ಇಡಿ, ಅದರಲ್ಲಿ ಮಾತ್ರ ಲೇಯರ್‌ಗಳೆಲ್ಲ ಕೆಡದೆ ಉಳಿಯುತ್ತವೆ. ಕಂಟ್ರೋಲ್, ಆಲ್ಟ್, ಎಸ್ ಒತ್ತಿದರೆ ಪ್ರತಿ ಸಲವೂ ಹೊಸ ಸಂಖ್ಯೆಯ ಕಡತ ಆಗುತ್ತದೆ. ನಿನ್ನೆಯದೇ ಚೆನ್ನಾಗಿತ್ತು ಅನ್ನಿಸಿದರೆ ಹಿಂದಕ್ಕೆ ಹೋಗಬಹುದು. ಬೇರೆಯವರಿಗೆ ತೋರಿಸಲು ಪಿಎನ್‌ಜಿ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಗೆರೆಗಳನ್ನು ಮಸುಕು ಮಾಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಲ್ಯಾಪ್‌ಟಾಪ್ ಪರದೆಯ ಬಣ್ಣ ಪೂರ್ತಿ ನಂಬಲು ಬರುವುದಿಲ್ಲ, ಒಮ್ಮೆ ಮೊಬೈಲಿನಲ್ಲೂ ನೋಡಿ. ಪ್ರಿಂಟ್ ಹಾಕಿಸುವುದಾದರೆ ಹೊಳೆಯುವ ನೀಲಿ, ಹಸಿರು ಕಾಗದದ ಮೇಲೆ ಸ್ವಲ್ಪ ಮಂಕಾಗುತ್ತವೆ, ಅದು ಶಾಯಿಯ ಮಿತಿ. ನಿಮ್ಮ ಕೆಮ್ಮಣ್ಣು, ಕಪ್ಪು, ಬಿಳಿಗೆ ಆ ತೊಂದರೆ ಅಷ್ಟಾಗಿ ಇಲ್ಲ.

ಮೊದಲು ಆ ಟಿಕ್ ಹಾಕಿ, ಸ್ಕೇಲಿನ ಪರೀಕ್ಷೆ ಮಾಡಿ. ಸ್ಕೇಲ್ ಇಟ್ಟರೂ ಗೆರೆ ಅಲೆಯಾಗಿ ಬಂದರೆ ಟ್ಯಾಬ್ಲೆಟ್‌ನ ಹಿಂಬದಿಯಲ್ಲಿರುವ ಮಾದರಿ ಸಂಖ್ಯೆ ಮತ್ತು ಆ ಗೆರೆಯ ಚಿತ್ರ ಎರಡನ್ನೂ ಕಳಿಸಿ. ಡ್ರೈವರ್‌ನಿಂದ ಸರಿಹೋಗುವಂಥದ್ದಾ, ರಿಪೇರಿಗೆ ಕೊಡಬೇಕಾದದ್ದಾ ಎಂದು ನೋಡಿ ಹೇಳುತ್ತೇನೆ.